ಸಿಟ್ಟು ಬಿಟ್ಟರೆ ಕೀಲುನೋವು ಹೋದೀತೇ?

ಪ್ರಶ್ನೆ: ನನಗೆ 41 ವರ್ಷ. ತವರು ರೋಣ ತಾಲ್ಲೂಕಿನ ಹಳ್ಳಿ, ಗಜೇಂದ್ರಗಡಕ್ಕೆ ಕೊಟ್ಟಿದ್ದಾರೆ. ಸಣ್ಣವಳಿದ್ದಾಗ ಅಪ್ಪ ಕುಡಿದು ಬಂದು ಅವ್ವನನ್ನು ಹೊಡೆಯುತ್ತಿದ್ದ, ಬಿಡಿಸಲು ಹೋದರೆ ನನಗೂ ಬೀಳುತ್ತಿತ್ತು. ಅವ್ವ ತೀರಿಕೊಂಡ ಮೇಲೆ ಸೋದರಮಾವನ ಮನೆಯಲ್ಲಿ ಬೆಳೆದೆ. ಈಗ ನಾಲ್ಕು ವರ್ಷದಿಂದ ಎರಡೂ ಕೈಯ ಬೆರಳು, ಮಣಿಕಟ್ಟು ಬಾವು ಬರುತ್ತವೆ. ಬೆಳಿಗ್ಗೆ ಎದ್ದು ಒಂದು ತಾಸು ಮುಷ್ಟಿ ಕಟ್ಟಲಾಗುವುದಿಲ್ಲ. ರೊಟ್ಟಿ ಬಡಿಯುವುದನ್ನು ಮಗಳಿಗೆ ಬಿಟ್ಟಿದ್ದೇನೆ. ಡಾಕ್ಟರು ರುಮಟಾಯ್ಡ್ ಸಂಧಿವಾತ ಎಂದು ಹೇಳಿ, ವಾರಕ್ಕೊಮ್ಮೆ ನುಂಗುವ ಮೆಥೊಟ್ರೆಕ್ಸೇಟ್ ಕೊಟ್ಟಿದ್ದಾರೆ. ಬಾಲ್ಯದ ಸಂಕಟವೇ ಮುಂದೆ ಕೀಲುಬೇನೆಯಾಗುತ್ತದೆ ಎಂದು ಮೊಬೈಲಿನಲ್ಲಿ ಕೇಳಿದೆ. ಅಪ್ಪ ಈಗ ನರಗುಂದದಲ್ಲಿ ಅಣ್ಣನ ಮನೆಯಲ್ಲಿ ಹಾಸಿಗೆ ಹಿಡಿದಿದ್ದಾನೆ. 'ಸಿಟ್ಟು ಬಿಟ್ಟು ಅಪ್ಪನನ್ನು ಕರಕೊಂಡು ಹೋಗು, ಗುಳಿಗೆಯೇ ಬೇಕಾಗುವುದಿಲ್ಲ' ಎನ್ನುತ್ತಾರೆ ಅತ್ತಿಗೆ. ಗುಳಿಗೆ ಬಿಟ್ಟು ನೋಡಲೇ?

ಉತ್ತರ: ಬಿಡಬೇಡಿ ತಾಯಿ. ಈ ರೋಗದಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಕೀಲಿನ ಒಳಪೊರೆಯ ಮೇಲೆ ತಿರುಗಿಬೀಳುತ್ತದೆ. ಗುಳಿಗೆ ನಿಂತರೆ ಬಾವು ಮತ್ತೆ ಏಳುತ್ತದೆ, ಒಮ್ಮೆ ಸವೆದ ಎಲುಬು ಮೊದಲಿನಂತಾಗುವುದಿಲ್ಲ. ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ಅಪ್ಪಿತಪ್ಪಿಯೂ ದಿನಾಲೂ ನುಂಗಬಾರದು, ಅದು ಪ್ರಾಣಕ್ಕೆ ಅಪಾಯ. ನುಂಗುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿಟ್ಟುಕೊಳ್ಳಿ. ಡಾಕ್ಟರು ಹೇಳಿದ ಹಾಗೆ ರಕ್ತ ಮತ್ತು ಲಿವರ್ ಪರೀಕ್ಷೆ ತಪ್ಪಿಸಬೇಡಿ.

ನೀವು ಮೊಬೈಲಿನಲ್ಲಿ ಕೇಳಿದ್ದು ಪೂರ್ತಿ ಸುಳ್ಳಲ್ಲ. ನ್ಯೂಜಿಲೆಂಡಿನ ಡ್ಯುನೆಡಿನ್ ಊರಿನಲ್ಲಿ 1972-73ರಲ್ಲಿ ಹುಟ್ಟಿದ ಮಕ್ಕಳನ್ನು ಸಂಶೋಧಕರು ದಶಕಗಟ್ಟಲೆ ಗಮನಿಸುತ್ತ ಬಂದಿದ್ದಾರೆ. ಅವರಿಗೆ 32 ವರ್ಷವಾದಾಗ ರಕ್ತ ನೋಡಿದರೆ, ಬಾಲ್ಯದಲ್ಲಿ ಹೊಡೆತ, ತಿರಸ್ಕಾರ ಉಂಡವರಲ್ಲಿ ಸಿಆರ್‌ಪಿ ಹೆಚ್ಚಾಗಿರುವ ಸಾಧ್ಯತೆ ಜಾಸ್ತಿ ಇತ್ತು. ನಿಮ್ಮ ಡಾಕ್ಟರು ಬಾವಿನ ಮಟ್ಟ ತಿಳಿಯಲು ಬರೆದುಕೊಡುವ ಸಿಆರ್‌ಪಿ ಪರೀಕ್ಷೆ ಇದೇ. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ 15 ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ, 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಇಂಥ ಬಾಲ್ಯ ಕಂಡವರು ಸಂಧಿವಾತದಂಥ ರೋಗಗಳಿಗೆ ಆಸ್ಪತ್ರೆ ಸೇರಿದ್ದು ಹೆಚ್ಚು. ದಿನಾ ಸಂಜೆ ಬಾಗಿಲ ಸದ್ದಿಗೆ ನಡುಗಿದ ಮಗುವಿನ ಮೈ ಆ ಎಚ್ಚರವನ್ನು ಬೇಗ ಇಳಿಸುವುದಿಲ್ಲ.

ಆದರೆ ಬಾಲ್ಯದ ಸಂಕಟ ಹಲವು ಕಾರಣಗಳಲ್ಲಿ ಒಂದಿರಬಹುದು, ಅಷ್ಟೇ. ವಂಶದಿಂದ ಬಂದದ್ದಿದೆ, ತಂಬಾಕಿನ ಹೊಗೆಯಿದೆ. ಹೆಣ್ಣುಮಕ್ಕಳಿಗಂತೂ ಈ ರೋಗ ಗಂಡಸರಿಗಿಂತ ಎರಡು-ಮೂರು ಪಟ್ಟು ಹೆಚ್ಚು. ಮುದ್ದಿನಲ್ಲಿ ಬೆಳೆದವರಿಗೂ ಬರುತ್ತದೆ, ಪೆಟ್ಟು ತಿಂದ ಎಷ್ಟೋ ಮಂದಿಗೆ ಬರುವುದೇ ಇಲ್ಲ. ನಿಮ್ಮ ಬೆರಳಿನ ಬಾವಿನಲ್ಲಿ ಅಪ್ಪನ ಪಾಲೆಷ್ಟು ಎಂದು ಯಾವ ಡಾಕ್ಟರೂ ಅಳೆದು ಹೇಳಲಾರರು. ಕ್ಷಮಿಸಿದರೆ ರೋಗ ವಾಸಿಯಾಗುತ್ತದೆ ಎಂದಂತೂ ಈ ಅಧ್ಯಯನಗಳು ಹೇಳಿಲ್ಲ. ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅಂದು ಪೆಟ್ಟು ತಿಂದವಳ ತಲೆಗೇ ಇಂದು ನೋವಿನ ತಪ್ಪನ್ನೂ ಕಟ್ಟಿದ ಹಾಗೆ ಅದು.

ಅತ್ತಿಗೆಯವರನ್ನು ಬೈಯುತ್ತಿಲ್ಲ. ಹಾಸಿಗೆ ಹಿಡಿದವರ ಚಾಕರಿ ಮಾಡಿ ಅವರೂ ದಣಿದಿರಬೇಕು. ಆ ದಣಿವಿಗೆ ಅಣ್ಣ-ತಂಗಿ ಕೂತು ದಾರಿ ಹುಡುಕಬೇಕು. ಕರೆತಂದರೆ ಅಪ್ಪನನ್ನು ಎತ್ತಿ ಮಗ್ಗುಲು ಬದಲಿಸಬೇಕು, ಮೈ ಒರೆಸಬೇಕು, ಬಟ್ಟೆ ಹಿಂಡಬೇಕು. ಮುಷ್ಟಿ ಕಟ್ಟಲಾಗದ ಕೈಗೆ ಇದು ಆಗದ ಕೆಲಸ, ಬಾವೂ ಹೆಚ್ಚಾದೀತು. ಅದನ್ನು ಅಣ್ಣನಿಗೆ ಸಂಕೋಚವಿಲ್ಲದೆ ಹೇಳಿ. ಔಷಧದ ಖರ್ಚಿನಲ್ಲಿ ಪಾಲು ಕೊಡಬಹುದು, ಹಗಲು ಆಳು ಇಡಲು ನೆರವಾಗಬಹುದು. ನೋಡಲು ಹೋಗುವುದು ಬಿಡುವುದು ನಿಮ್ಮ ಮನಸ್ಸಿಗೆ ಬಿಟ್ಟದ್ದು. ಹೋದರೂ ಕ್ಷಮಿಸಲೇಬೇಕೆಂದಿಲ್ಲ.

ಹಳೆಯ ನೋವಿಗೂ ಆರೈಕೆ ಬೇಕು. ಕೀಲು ವಾಸಿಯಾಗಲೆಂದಲ್ಲ, ಅದೂ ನೋವೇ ಎಂದು. ನಿದ್ದೆ, ಮನಸ್ಸು ಹದಕ್ಕೆ ಬಂದರೆ ಬೇನೆ ತಾಳುವ ಶಕ್ತಿಯೂ ಬರುತ್ತದೆ. ಮನಸ್ಸಿನ ನೋವಿಗಿರುವ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿ. ಹಣ ಬೇಡ, ಕನ್ನಡದಲ್ಲೇ ಮಾತಾಡಬಹುದು. ಎದುರು ಕೂತು ಹೇಳಿಕೊಳ್ಳುವುದಾದರೆ ಗದಗಿನ ಜಿಮ್ಸ್ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಮಗಳನ್ನೂ ಕರೆದೊಯ್ಯಿರಿ. ಅವ್ವನ ಕೈಗೆ ಏನಾಗಿದೆಯೆಂದು ಆಕೆ ಅವರ ಬಾಯಿಂದಲೇ ಕೇಳಲಿ.