ಸಂಬಳ ಇಳಿದರೆ ಬೆಲೆಯೂ ಇಳಿಯುತ್ತದೆಯೇ?

ಪ್ರಶ್ನೆ: ಮಗಳು ಬಿಸಿಎ ಕೊನೆಯ ವರ್ಷದಲ್ಲಿದ್ದಾಳೆ. ಎಐ ಬಂದಮೇಲೆ ಕೆಲಸ ಸಿಗುವುದೇ ಕಷ್ಟ ಎಂದು ಕೆಲವರು ಹೆದರಿಸುತ್ತಾರೆ. ಎಐನಿಂದ ಎಲ್ಲವೂ ಅಗ್ಗವಾಗುತ್ತದೆ, ಕಡಿಮೆ ಸಂಬಳದಲ್ಲೂ ಬದುಕಬಹುದು ಎಂದು ಇನ್ನು ಕೆಲವರು ಸಮಾಧಾನ ಹೇಳುತ್ತಾರೆ. ಸಂಬಳವೂ ಬೆಲೆಯೂ ಜೊತೆಗೇ ಇಳಿದರೆ ಲೆಕ್ಕ ಸರಿಹೋಗುವುದಿಲ್ಲವೇ?
– ಓದುಗರು, ಹಾಸನ

ಉತ್ತರ: ಸರಿಹೋಗುವುದಿಲ್ಲ ಎಂದೇ ನನ್ನ ಅಭಿಪ್ರಾಯ. ಎಐ ಅಗ್ಗ ಮಾಡುವ ಕೆಲಸಗಳು ಬೇರೆ, ನಮ್ಮ ಮನೆಗಳ ದುಡ್ಡು ಖರ್ಚಾಗುವ ಬಾಬತ್ತುಗಳು ಬೇರೆ.

ಒಂದು ಮದುವೆಯ ಖರ್ಚನ್ನು ತೆಗೆದುಕೊಳ್ಳಿ. ಲಗ್ನಪತ್ರಿಕೆಯ ಒಕ್ಕಣೆ ಬರೆದು, ಅಂಚಿಗೆ ಬಾಳೆಕಂಬ, ತೋರಣದ ಚಿತ್ರ ಹಾಕಿ ಸಿದ್ಧಪಡಿಸಲು ಮೊದಲು ಡಿಟಿಪಿ ಅಂಗಡಿಗೆ ಎರಡು ಮೂರು ಸಲ ಹೋಗಬೇಕಿತ್ತು. ಈಗ ಅದನ್ನು ಮನೆಯ ಹುಡುಗರು ಮೊಬೈಲಿನಲ್ಲೇ ಮಾಡಿಬಿಡುತ್ತಾರೆ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವ ವಿಡಿಯೊ ಕರೆಯೋಲೆಯೂ ಹಾಗೆಯೇ ಆಗುತ್ತದೆ. ಇನ್ನು ಪಟ್ಟಿಯ ಉಳಿದ ಭಾಗ ಓದಿ: ಕಲ್ಯಾಣ ಮಂಟಪದ ಬಾಡಿಗೆ, ಅಡುಗೆಯವರು, ಬಡಿಸುವವರು, ಹೂವು, ವಾಲಗ, ಸೀರೆ, ಚಿನ್ನ. ಇವುಗಳಲ್ಲಿ ಒಂದನ್ನೂ ಎಐ ಮುಟ್ಟಿಲ್ಲ. ಮದುವೆ ಮನೆಗೆ ಉಳಿದದ್ದು ಒಟ್ಟು ಖರ್ಚಿನ ಸಣ್ಣ ಚೂರು. ಡಿಟಿಪಿ ಅಂಗಡಿಯವರಿಗೆ ಮಾತ್ರ ಹೋದದ್ದು ಆ ಹಂಗಾಮಿನ ಸಂಪಾದನೆಯೇ. ಉಳಿತಾಯ ನೂರಾರು ಮನೆಗಳಿಗೆ ಚೂರುಚೂರಾಗಿ ಹಂಚಿಹೋಗುತ್ತದೆ, ನಷ್ಟ ಕೆಲವೇ ಮನೆಗಳ ಮೇಲೆ ಪೂರ್ತಿಯಾಗಿ ಬೀಳುತ್ತದೆ. ಸರಾಸರಿ ಅಂಕಿಗಳಲ್ಲಿ ಈ ನೋವು ಕಾಣಿಸುವುದಿಲ್ಲ.

ತಿಂಗಳ ಖರ್ಚಿನ ಕಥೆಯೂ ಇದೇ. 2012ನ್ನು ಆಧಾರ ವರ್ಷವಾಗಿ ಇಟ್ಟುಕೊಂಡು ದಶಕಕ್ಕೂ ಹೆಚ್ಚು ಕಾಲ ನಮ್ಮ ಹಣದುಬ್ಬರವನ್ನು ಅಳೆದ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಆಹಾರ, ಪಾನೀಯಗಳ ತೂಕ ಹೆಚ್ಚುಕಡಿಮೆ ಶೇ 46 ಇತ್ತು. ತೊಗರಿ ಬೇಳೆಯ ಬೆಲೆ ನಿರ್ಧಾರವಾಗುವುದು ಕಲಬುರಗಿಯ ಕಪ್ಪು ಮಣ್ಣಿಗೆ ಹದವಾಗಿ ಮಳೆ ಬಿತ್ತೇ, ಮ್ಯಾನ್ಮಾರ್ ಮತ್ತು ಮೊಜಾಂಬಿಕ್‌ನಿಂದ ಎಷ್ಟು ಆಮದಾಯಿತು ಎಂಬುದರ ಮೇಲೆ. ಚಾಟ್‌ಬಾಟ್ ಎಷ್ಟೇ ಚುರುಕಾದರೂ ಆ ಬೇಳೆ ಅಗ್ಗವಾಗದು.

ಇದರ ಹಿಂದೆ ಅರ್ಥಶಾಸ್ತ್ರದ ಹಳೆಯ ವಿಚಾರವೊಂದಿದೆ. 1960ರ ದಶಕದಲ್ಲಿ ಅಮೆರಿಕದ ವಿಲಿಯಂ ಬೌಮಾಲ್ ಮತ್ತು ವಿಲಿಯಂ ಬೋವೆನ್ ಸಂಗೀತ, ನಾಟಕ ತಂಡಗಳ ಜಮಾಖರ್ಚು ಪರಿಶೀಲಿಸಿದರು. ನಾಲ್ವರು ವಾದ್ಯಗಾರರು ನುಡಿಸುವ ಕೃತಿಗೆ ಇನ್ನೂರು ವರ್ಷದ ಹಿಂದೆಯೂ ನಾಲ್ವರೇ ಬೇಕಿತ್ತು, ಅಷ್ಟೇ ಹೊತ್ತು ಹಿಡಿಯುತ್ತಿತ್ತು, ಈಗಲೂ ಹಾಗೆಯೇ. ಆದರೆ ಕಾರ್ಖಾನೆಗಳಲ್ಲಿ ಯಂತ್ರ ಬಂದು ಕೂಲಿ ಏರಿದಾಗ ವಾದ್ಯಗಾರರಿಗೂ ಹೆಚ್ಚು ಕೊಡಲೇಬೇಕಾಯಿತು. ಹಾಗಾಗಿ ಯಂತ್ರ ಮಾಡಲಾಗದ ಕೆಲಸಗಳು ಉಳಿದವಕ್ಕಿಂತ ದುಬಾರಿಯಾಗುತ್ತ ಹೋಗುತ್ತವೆ. ಆಸ್ಪತ್ರೆಯ ಶುಶ್ರೂಷೆ, ಮಕ್ಕಳ ಪಾಠ, ಮುದುಕರ ಆರೈಕೆ, ಪ್ಲಂಬರ್ ಕೆಲಸ ಎಲ್ಲವೂ ಈ ಗುಂಪಿನವು. ಎಐ ಕಚೇರಿ ಕೆಲಸವನ್ನು ಅಗ್ಗ ಮಾಡಿದಷ್ಟೂ ಮನುಷ್ಯರ ಕೈಯೇ ಬೇಕಾದ ಸೇವೆಗಳ ಪಾಲು ನಮ್ಮ ಖರ್ಚಿನಲ್ಲಿ ಬೆಳೆಯುತ್ತದೆ.

ಎಐ ತಾನೇ ಕೆಲವು ಬೆಲೆಗಳನ್ನು ಏರಿಸುತ್ತಿದೆ ಎಂಬುದನ್ನೂ ಮರೆಯಬಾರದು. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಲೆಕ್ಕದಂತೆ 2024ರಲ್ಲಿ ಜಗತ್ತಿನ ಡೇಟಾ ಸೆಂಟರ್‌ಗಳು ಬಳಸಿದ ವಿದ್ಯುತ್ ಸುಮಾರು 415 ಟೆರಾವಾಟ್ ಅವರ್. 2030ರ ಹೊತ್ತಿಗೆ ಇದು ಎರಡು ಪಟ್ಟು ಮೀರಿ 945ರ ಆಸುಪಾಸಿಗೆ ಹೋಗಬಹುದೆಂದು ಅದು ಅಂದಾಜಿಸಿದೆ. ಅಮೆರಿಕದ ಪೂರ್ವ ಭಾಗದಲ್ಲಿ ದೊಡ್ಡ ವಿದ್ಯುತ್ ಜಾಲ ನಿರ್ವಹಿಸುವ ಪಿಜೆಎಂ ಸಂಸ್ಥೆ 2024ರ ಜುಲೈನಲ್ಲಿ ಹರಾಜು ನಡೆಸಿತು. ಬೇಡಿಕೆ ವಿಪರೀತವಾದ ದಿನಗಳಿಗೂ ಉತ್ಪಾದನಾ ಸಾಮರ್ಥ್ಯ ಕಾದಿರಿಸಲು ಕೊಡುವ ದರ ಒಂದು ಮೆಗಾವಾಟ್‌ಗೆ ದಿನಕ್ಕೆ 29 ಡಾಲರ್ ಇದ್ದದ್ದು ಸುಮಾರು 270 ಡಾಲರ್‌ಗೆ ಜಿಗಿಯಿತು. ಹಳೆಯ ಸ್ಥಾವರಗಳು ಮುಚ್ಚಿದ್ದು, ನಿಯಮ ಬದಲಾದದ್ದು ಕೂಡ ಅದಕ್ಕೆ ಕಾರಣ, ಆದರೆ ಡೇಟಾ ಸೆಂಟರ್‌ಗಳ ಹಸಿವು ದೊಡ್ಡ ಕಾರಣ. ಹೊರೆ ಬಿದ್ದದ್ದು ಮನೆಗಳ ಬಿಲ್ಲಿಗೂ. ನಮ್ಮಲ್ಲಿ ಬಿಸಿ ತಟ್ಟಿದ್ದು ಇನ್ನೊಂದು ಕಡೆ. ಮೆಮೊರಿ ಚಿಪ್ ತಯಾರಕರು ಎಐ ಸರ್ವರ್‌ಗಳ ಕಡೆ ಹೊರಳಿದ್ದರಿಂದ 2025ರ ಕೊನೆಯಲ್ಲಿ ಆ ಚಿಪ್‌ಗಳ ಬೆಲೆ ಗಗನಕ್ಕೇರಿತು. ಮೊಬೈಲ್‌ನಲ್ಲೂ ಲ್ಯಾಪ್‌ಟಾಪ್‌ನಲ್ಲೂ ಇರುವುದು ಅವೇ ಚಿಪ್‌ಗಳು.

ಒಂದು ಅಪಾರ್ಥ ಇಲ್ಲಿ ಪದೇ ಪದೇ ಆಗುತ್ತದೆ. ಹಣದುಬ್ಬರ ಇಳಿಯಿತು ಎಂದರೆ ಬೆಲೆ ಇಳಿಯಿತು ಎಂದಲ್ಲ, ಏರುವ ವೇಗ ತಗ್ಗಿತು ಎಂದು. 2016ರಿಂದ ನಮ್ಮ ರಿಸರ್ವ್ ಬ್ಯಾಂಕಿನ ಗುರಿ ಶೇ 4ರ ಹಣದುಬ್ಬರ, ಆಚೀಚೆ ಶೇ 2ರಷ್ಟು ಸಡಿಲ. ಎಐನಿಂದ ಉತ್ಪಾದನೆ ಹೆಚ್ಚಿ ಬೆಲೆ ಏರಿಕೆ ಆ ಗುರಿಗಿಂತ ಬಹುಕಾಲ ಕೆಳಗೇ ಉಳಿದರೆ, ಬ್ಯಾಂಕ್ ಬಡ್ಡಿ ಇಳಿಸಿ ಅದನ್ನು ಮತ್ತೆ ಶೇ 4ರ ಹತ್ತಿರಕ್ಕೆ ತರಲು ನೋಡುತ್ತದೆ. ಎಲ್ಲ ಬೆಲೆಗಳೂ ಒಟ್ಟಾಗಿ ಕುಸಿಯುವುದನ್ನು ತಡೆಯುವುದೂ ಅದರ ಕೆಲಸವೇ. ಹಾಗಾಗಿ ಸಂಬಳ ಕಡಿಮೆಯಾದ ಮನೆಗೆ ಬೆಲೆ ಇಳಿದು ಪರಿಹಾರ ಸಿಗುತ್ತದೆ ಎಂದು ನಂಬಿ ಕೂರುವಂತಿಲ್ಲ.

ಈಗ ಕೆಲಸದ ಮಾತು. 1980ರ ದಶಕದಲ್ಲಿ ಬ್ಯಾಂಕಿಗೆ ಕಂಪ್ಯೂಟರ್ ಬಂದಾಗ ನೌಕರರ ಸಂಘಗಳು ಗಟ್ಟಿಯಾಗಿ ವಿರೋಧಿಸಿದವು. 1983ರಲ್ಲಿ ಒಪ್ಪಂದವಾಯಿತು, ಮರುವರ್ಷ ರಂಗರಾಜನ್ ಸಮಿತಿ ವರದಿ ಕೊಟ್ಟಿತು, ಅಲ್ಲಿಂದ ಹಂತಹಂತವಾಗಿ ಗಣಕೀಕರಣ ನಡೆಯಿತು. ಲೆಡ್ಜರ್ ಬರೆಯುತ್ತಿದ್ದವರು ಕಂಪ್ಯೂಟರ್ ಕಲಿಯಲು ವರ್ಷಗಳೇ ಸಿಕ್ಕವು, ಅವರ ಪರವಾಗಿ ಮಾತಾಡಲು ಸಂಘಗಳೂ ಇದ್ದವು. ಅನಾಹುತ ಆಗದಿದ್ದುದಕ್ಕೆ ಆ ನಿಧಾನವೂ ಆ ಒಪ್ಪಂದವೂ ಮುಖ್ಯ ಕಾರಣ ಎಂದು ನಾನು ತಿಳಿದಿದ್ದೇನೆ. ಮೆಡಿಕಲ್ ಟ್ರಾನ್‌ಸ್ಕ್ರಿಪ್ಷನ್ ಮಾಡುತ್ತಿದ್ದವರಿಗೆ ಇವೆರಡೂ ಇರಲಿಲ್ಲ. ಬೆಂಗಳೂರಿನ ಸಾವಿರಾರು ಯುವಕ ಯುವತಿಯರು ಹೆಡ್‌ಫೋನ್ ಹಾಕಿಕೊಂಡು, ಕಾಲಲ್ಲಿ ಪೆಡಲ್ ಒತ್ತಿ ಧ್ವನಿ ನಿಲ್ಲಿಸುತ್ತ, ಹಿಂದೆ ಮುಂದೆ ಓಡಿಸುತ್ತ ಅಮೆರಿಕದ ವೈದ್ಯರ ಮಾತನ್ನು ಟೈಪ್ ಮಾಡುತ್ತಿದ್ದರು. ಧ್ವನಿ ಗುರುತಿಸುವ ತಂತ್ರಾಂಶ ಬಂತು. ಟೈಪ್ ಮಾಡುವುದು ಹೋಗಿ ಅದರ ತಪ್ಪು ತಿದ್ದುವುದೇ ಕೆಲಸವಾಯಿತು, ಮೊದಲಿನಷ್ಟು ಜನ ಬೇಡವಾದರು.

ನಿಮ್ಮ ಮಗಳಿಗೆ ಸಂಬಂಧಿಸಿದ ಸಂಗತಿ ಎರಡು ಅಧ್ಯಯನಗಳಲ್ಲಿದೆ. ಅರ್ಥಶಾಸ್ತ್ರಜ್ಞ ಎರಿಕ್ ಬ್ರಿನ್ಯೋಲ್ಫ್‌ಸನ್ ಮತ್ತು ಸಂಗಡಿಗರು 2023ರಲ್ಲಿ ಗ್ರಾಹಕ ಸೇವೆಯ ಐದು ಸಾವಿರಕ್ಕೂ ಹೆಚ್ಚು ಸಿಬ್ಬಂದಿಯ ಕೆಲಸ ಪರಿಶೀಲಿಸಿದರು. ಎಐ ನೆರವಿನಿಂದ ಸರಾಸರಿ ಉತ್ಪಾದಕತೆ ಶೇ 14ರಷ್ಟು ಏರಿತ್ತು, ಹೆಚ್ಚು ಲಾಭವಾದದ್ದು ಹೊಸಬರಿಗೆ. ಬ್ರಿನ್ಯೋಲ್ಫ್‌ಸನ್ ಅವರೇ ಬೇರೆ ಸಂಗಡಿಗರೊಂದಿಗೆ 2025ರಲ್ಲಿ ಅಮೆರಿಕದ ಸಂಬಳದ ದಾಖಲೆಗಳನ್ನು ಜಾಲಾಡಿದಾಗ ಕಂಡದ್ದು ಬೇರೆ ಚಿತ್ರ: ಎಐ ಹೆಚ್ಚು ತಟ್ಟುವ ಉದ್ಯೋಗಗಳಲ್ಲಿ 22ರಿಂದ 25 ವಯಸ್ಸಿನ ನೌಕರರ ಸಂಖ್ಯೆ ಇತರರಿಗೆ ಹೋಲಿಸಿದರೆ ಶೇ 13ರಷ್ಟು ತಗ್ಗಿತ್ತು. ಹಿರಿಯರ ಕುರ್ಚಿ ಅಲುಗಿರಲಿಲ್ಲ. ಅಂದರೆ ಒಳಗೆ ಸೇರಿದ ಹೊಸಬರಿಗೆ ಎಐ ಆಸರೆ, ಒಳಗೆ ಸೇರಲು ಬಂದವರಿಗೆ ಅದೇ ಅಡ್ಡಿ. ಮೊದಲು ಫ್ರೆಶರ್‌ಗಳಿಗೆ ಕೊಡುತ್ತಿದ್ದ ಟೆಸ್ಟಿಂಗ್, ಸಣ್ಣಪುಟ್ಟ ಕೋಡ್, ವರದಿ ಬರೆಯುವಂಥ ಕೆಲಸವನ್ನೇ ಎಐ ಮೊದಲು ಮಾಡುತ್ತದೆ. ಆ ಮೆಟ್ಟಿಲನ್ನು ಕಿತ್ತರೆ ಹತ್ತು ವರ್ಷದ ಮೇಲೆ ಅನುಭವಿಗಳು ಎಲ್ಲಿಂದ ಬರುತ್ತಾರೆ? ಕಂಪನಿಗಳನ್ನೂ, ಅವುಗಳಿಗೆ ಜಾಗ, ರಿಯಾಯಿತಿ ಕೊಡುವ ಸರ್ಕಾರವನ್ನೂ ನಾವು ಇದನ್ನು ಕೇಳಲೇಬೇಕು. ಹೊಸಬರಿಗೆ ತರಬೇತಿ ಕೊಡುವುದು ರಿಯಾಯಿತಿಯ ಷರತ್ತುಗಳಲ್ಲಿ ಒಂದಾಗಬೇಕು.

ಹಾಗೆಂದು ಮಗಳು ಓದು ಬಿಡಬೇಕಿಲ್ಲ. ಕ್ಯಾಂಪಸ್ ಸೆಲೆಕ್ಷನ್‌ಗೆ ಬರುವ ಕಂಪನಿಯ ಪ್ಯಾಕೇಜ್ ಎಷ್ಟು ಎಂದು ಕೇಳುವುದರ ಜೊತೆಗೆ, ಮೊದಲ ವರ್ಷ ಕೆಲಸ ಕಲಿಸುವವರು ಯಾರು ಎಂದೂ ಅವಳು ಕೇಳಲಿ. ಕೋಡ್ ಬರೆಯುವುದರ ಜೊತೆ ಆಸ್ಪತ್ರೆ, ಬ್ಯಾಂಕ್, ಕೃಷಿ ಮಾರುಕಟ್ಟೆ ಇಂಥ ಯಾವುದಾದರೊಂದು ಕ್ಷೇತ್ರದ ಒಳಹೊರಗು ತಿಳಿದುಕೊಂಡರೆ ಎಐ ಕೊಟ್ಟ ಉತ್ತರ ಎಲ್ಲಿ ತಪ್ಪಿದೆ ಎಂದು ಹೇಳುವ ಶಕ್ತಿ ಬರುತ್ತದೆ. ಶಿಕ್ಷಣ ಸಾಲ ಮಾಡಿದ್ದರೆ, ಅಥವಾ ಎಂಸಿಎಗೆಂದು ಮಾಡುವವರಿದ್ದರೆ, ಕಂತನ್ನು ಕಡಿಮೆ ಸಂಬಳಕ್ಕೆ ಹೊಂದುವಂತೆ ಲೆಕ್ಕ ಹಾಕಿ. ಬೆಲೆಗಳು ಇಳಿದರೂ ಸಾಲದ ಅಸಲು ಇಳಿಯುವುದಿಲ್ಲ.