ವಸ್ತುಮಸೂರದ ಮೇಲಿನ ಎರಡನೆಯ ಸಂಖ್ಯೆ: ಸಂಖ್ಯಾತ್ಮಕ ದ್ಯುತಿರಂಧ್ರದ ಅರ್ಥ ಮತ್ತು ಬಳಕೆ

ಹತ್ತನೆಯ ತರಗತಿಯ ವಿಜ್ಞಾನ ಮತ್ತು ತಂತ್ರಜ್ಞಾನ ಪಠ್ಯದ ಮೊದಲ ಭಾಗದಲ್ಲಿ ಬೆಳಕಿನ ವಕ್ರೀಭವನದ ಪಾಠ ಮುಗಿದೊಡನೆ ಮಸೂರಗಳ ಪಾಠ ಬರುತ್ತದೆ. ಅದರಲ್ಲಿನ ಸಂಯುಕ್ತ ಸೂಕ್ಷ್ಮದರ್ಶಕವನ್ನು ಕಲಿಸುವಾಗ ನಾವು ಬಹುತೇಕ ವರ್ಧನೆಯ ಲೆಕ್ಕವನ್ನಷ್ಟೇ ಹೇಳಿ ಮುಂದೆ ಸಾಗುತ್ತೇವೆ: ವಸ್ತುಮಸೂರ 40, ನೇತ್ರಮಸೂರ 10, ಒಟ್ಟು 400 ಪಟ್ಟು. ಉಪಕರಣವನ್ನು ಕೈಗೆತ್ತಿಕೊಂಡ ವಿದ್ಯಾರ್ಥಿಯು ವಸ್ತುಮಸೂರದ ಕವಚದ ಮೇಲೆ 40/0.65 ಎಂಬ ಬರಹವನ್ನು ಓದಿ, 0.65 ಎಂದರೇನು ಎಂದು ಕೇಳಿದರೆ ಉತ್ತರ ಪಠ್ಯದಲ್ಲಿ ಸಿಗುವುದಿಲ್ಲ. ಆದರೆ ಸೂಕ್ಷ್ಮದರ್ಶಕವು ಏನನ್ನು ತೋರಿಸಬಲ್ಲದು, ಏನನ್ನು ತೋರಿಸಲಾರದು ಎಂಬುದನ್ನು ನಿರ್ಧರಿಸುವುದು ಆ ಎರಡನೆಯ ಸಂಖ್ಯೆಯೇ.

ಜತ್ತ ತಾಲೂಕಿನಲ್ಲಿ ಈ ಪ್ರಶ್ನೆಗೆ ಪರೀಕ್ಷೆಯ ಹೊರಗೂ ಮಹತ್ವವಿದೆ. ಸಂಖ, ಉಮದಿ ಕಡೆಯ ಮಕ್ಕಳು ದಾಳಿಂಬೆ, ದ್ರಾಕ್ಷಿ ತೋಟಗಳಿಂದ ಶಾಲೆಗೆ ಬರುವವರು. ಕಲೆ ಬಿದ್ದ ಎಲೆಯನ್ನು ತಂದು, ಇದು ಯಾವ ರೋಗವೆಂದು ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳಿರೆಂದು ಅವರು ಕೇಳುವುದು ಸಹಜ. ದ್ರಾಕ್ಷಿಯ ಬೂಜು ತುಪ್ಪಟ ರೋಗಕ್ಕೆ, ಅಂದರೆ ರೈತರು ಡೌನಿ ಎನ್ನುವ ರೋಗಕ್ಕೆ, ಕಾರಣವಾದ ಜೀವಿಯ ಬೀಜಕಗಳು ಹತ್ತಿಪ್ಪತ್ತು ಮೈಕ್ರಾನ್ ಗಾತ್ರದವು. ಎಲೆಯ ಕೆಳಬದಿಯ ಬಿಳಿ ಬೂಜನ್ನು ನೀರಿನ ಹನಿಯಲ್ಲಿ ಇಟ್ಟರೆ ಶಾಲೆಯ ಸಾಧಾರಣ ಮಸೂರದಲ್ಲಿಯೂ ಕಾಣುತ್ತವೆ. ದಾಳಿಂಬೆಯ ತೇಲ್ಯಾ ರೋಗದ್ದು ಬೇರೆ ಮಾತು. ಅದು ಕ್ಸ್ಯಾಂಥೊಮೊನಾಸ್ ಎಂಬ ದುಂಡಾಣುವಿನಿಂದ ಬರುತ್ತದೆ. ಆ ದುಂಡಾಣುವಿನ ಅಗಲ ಸುಮಾರು ಅರ್ಧ ಮೈಕ್ರಾನ್ ಮಾತ್ರ. 400 ಪಟ್ಟು ಹಿಗ್ಗಿಸಿದರೂ ಅದರ ಆಕಾರ ಏಕೆ ತಿಳಿಯದು? ಉತ್ತರ ಆ 0.65ರಲ್ಲಿದೆ.

ವಸ್ತುವಿನ ಒಂದು ಬಿಂದುವಿನಿಂದ ಹೊರಟ ಬೆಳಕು ಎಲ್ಲ ಕಡೆಗೂ ಹರಡುತ್ತದೆ. ಮಸೂರವು ಅದರಲ್ಲಿ ಒಂದು ಶಂಕುವಿನಷ್ಟನ್ನು ಮಾತ್ರ ಹಿಡಿಯುತ್ತದೆ. ಆ ಶಂಕುವಿನ ಅರ್ಧಕೋನ θ ಆಗಿದ್ದು, ವಸ್ತು ಮತ್ತು ಮಸೂರಗಳ ನಡುವಿನ ಮಾಧ್ಯಮದ ವಕ್ರೀಭವನ ಸೂಚ್ಯಂಕ n ಆಗಿದ್ದರೆ, n ಮತ್ತು ಸೈನ್ θ ಇವುಗಳ ಗುಣಲಬ್ಧವೇ ಸಂಖ್ಯಾತ್ಮಕ ದ್ಯುತಿರಂಧ್ರ. ಹೆಸರಿನಲ್ಲಿ ರಂಧ್ರವಿರುವುದರಿಂದ ಮಕ್ಕಳು ಇದನ್ನು ತೂತಿನ ವ್ಯಾಸವೆಂದು ತಿಳಿಯುವುದುಂಟು. ಇದು ವ್ಯಾಸವಲ್ಲ, ಇದಕ್ಕೆ ಏಕಮಾನವೂ ಇಲ್ಲ. ಕೇವಲ ಸಂಖ್ಯೆ, ಆದ್ದರಿಂದಲೇ ಸಂಖ್ಯಾತ್ಮಕ. ಸೈನ್ ಅನುಪಾತವನ್ನು ಒಂಬತ್ತನೆಯ ತರಗತಿಯ ಗಣಿತದಲ್ಲಿಯೇ ಕಲಿತಿರುವುದರಿಂದ ಕೋನಮಾಪಕ ಹಿಡಿದು ಫಲಕದ ಮೇಲೆ ಶಂಕುಗಳನ್ನು ಬರೆಯಿಸಬಹುದು. ಗಾಳಿಯಲ್ಲಿ n ಒಂದು ಆಗಿರುವುದರಿಂದ 0.10ಕ್ಕೆ ಅರ್ಧಕೋನ 6 ಅಂಶಕ್ಕಿಂತ ತುಸು ಕಡಿಮೆ, 0.25ಕ್ಕೆ ಸುಮಾರು 14.5 ಅಂಶ, 0.65ಕ್ಕೆ ಸುಮಾರು 40.5 ಅಂಶ. ಮೂರೂ ಶಂಕುಗಳನ್ನು ಒಂದೇ ಬಿಂದುವಿನಿಂದ ಬರೆಯಿಸಿದರೆ ಅರ್ಧ ಪಾಠ ಅಲ್ಲಿಯೇ ಆಗುತ್ತದೆ.

ಉಳಿದರ್ಧ, ಅಗಲವಾದ ಶಂಕು ಏಕೆ ಬೇಕು ಎಂಬುದು. ಹೆಚ್ಚು ಬೆಳಕು ಸಿಗುತ್ತದೆ ಎನ್ನುವ ಉತ್ತರ ಸುಳ್ಳಲ್ಲ, ಆದರೆ ಸಾಲದು. ಸೂಕ್ಷ್ಮವಾದ ರಚನೆಯನ್ನು ಹಾದುಬರುವ ಬೆಳಕು ವಿವರ್ತನೆಗೊಂಡು ಬದಿಗೆ ಹರಡುತ್ತದೆ. ರಚನೆ ಎಷ್ಟು ಸೂಕ್ಷ್ಮವೋ ಹರಡುವ ಕೋನ ಅಷ್ಟು ದೊಡ್ಡದು. ಕಣದಲ್ಲಿ ಜೋಳ ತೂರುವುದನ್ನು ನಮ್ಮ ಮಕ್ಕಳು ಕಂಡಿರುತ್ತಾರೆ. ಕಾಳು ಕಾಲ ಬುಡದಲ್ಲಿಯೇ ಬೀಳುತ್ತದೆ, ಹೊಟ್ಟು ಅಷ್ಟು ದೂರಕ್ಕೆ, ನುಣ್ಣನೆಯ ಧೂಳು ಇನ್ನೂ ದೂರಕ್ಕೆ ಹೋಗುತ್ತದೆ. ಹಾಸಿದ ತಾಡಪತ್ರಿ ಕಿರಿದಾಗಿದ್ದರೆ ದೂರ ಹಾರಿದ್ದು ಅದರ ಮೇಲೆ ಬೀಳುವುದೇ ಇಲ್ಲ. ಕಿರಿಯ ಶಂಕುವಿನ ಮಸೂರವೂ ಹಾಗೆಯೇ: ಸೂಕ್ಷ್ಮ ವಿವರವನ್ನು ಹೊತ್ತ ಬೆಳಕು ಅದರ ಬದಿಯಿಂದ ದಾಟಿಹೋಗುತ್ತದೆ. ಒಳಗೆ ಬಾರದ ವಿವರವನ್ನು ನೇತ್ರಮಸೂರ ಎಷ್ಟು ಹಿಗ್ಗಿಸಿದರೂ ಮರಳಿ ತರಲಾರದು. (ಈ ಹೋಲಿಕೆಯನ್ನು ಇಲ್ಲಿಗೇ ನಿಲ್ಲಿಸಬೇಕು, ಬೆಳಕು ಹೊಟ್ಟಿನಂತೆ ಗಾಳಿಗೆ ಹಾರುವುದಿಲ್ಲ, ಅದರ ಹರಡುವಿಕೆಗೆ ಅದರ ತರಂಗ ಸ್ವಭಾವವೇ ಕಾರಣ.)

ಇದನ್ನು ಸೂತ್ರಕ್ಕೆ ಇಳಿಸಿದವನು ಜರ್ಮನಿಯ ಯೇನಾದಲ್ಲಿದ್ದ ಅರ್ನ್ಸ್ಟ್ ಅಬೆ. 1866ರಿಂದ ಕಾರ್ಲ್ ಜೈಸ್‌ನ ಕಾರ್ಯಾಗಾರದೊಡನೆ ದುಡಿದ ಅವನು 1873ರಲ್ಲಿ ಸೂಕ್ಷ್ಮದರ್ಶಕದ ಸಿದ್ಧಾಂತವನ್ನು ಪ್ರಕಟಿಸಿದನು. ಎರಡು ಬಿಂದುಗಳು ಎರಡಾಗಿಯೇ ಕಾಣಲು ಬೇಕಾದ ಕನಿಷ್ಠ ಅಂತರವು, ಬೆಳಕಿನ ತರಂಗಾಂತರವನ್ನು ಸಂಖ್ಯಾತ್ಮಕ ದ್ಯುತಿರಂಧ್ರದ ಇಮ್ಮಡಿಯಿಂದ ಭಾಗಿಸಿದಷ್ಟು. ಹಸಿರು ಬೆಳಕಿಗೆ 0.55 ಮೈಕ್ರಾನ್ ಎಂದಿಟ್ಟುಕೊಂಡರೆ 0.25ರ ಮಸೂರಕ್ಕೆ ಈ ಅಂತರ 1.1 ಮೈಕ್ರಾನ್, 0.65ಕ್ಕೆ ಸುಮಾರು 0.42. ತೇಲ್ಯಾ ದುಂಡಾಣುವಿನ ಅಗಲಕ್ಕೂ ಈ ಎರಡನೆಯ ಅಂತರಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಆದಕಾರಣ ಅದು ಕಂಡರೂ ಮಬ್ಬು ಚುಕ್ಕೆಯಾಗಿ ಕಾಣುತ್ತದೆಯೇ ಹೊರತು ಆಕಾರವಾಗಿ ಅಲ್ಲ.

ಗಾಳಿಯಲ್ಲಿ ಸೈನ್ θ ಒಂದನ್ನು ಮೀರದು, ಬಳಕೆಯಲ್ಲಿ 0.95ರ ಹತ್ತಿರಕ್ಕೆ ಕೊನೆ. ಇಲ್ಲಿ ವಕ್ರೀಭವನದ ಪಾಠವನ್ನು ಮರಳಿ ತೆರೆಯಿಸಬೇಕು. ಗಾಜಿನೊಳಗೆ 41 ಅಂಶವನ್ನು ಮೀರಿ ಓರೆಯಾದ ಕಿರಣವು ಗಾಳಿಗೆ ಬರಲಾರದೆ ಪೂರ್ಣ ಆಂತರಿಕ ಪ್ರತಿಫಲನ ಹೊಂದುತ್ತದೆ. ಹೊದಿಕೆ ಗಾಜಿಗೂ ಮಸೂರಕ್ಕೂ ನಡುವೆ ಗಾಜಿನಷ್ಟೇ, ಅಂದರೆ ಸುಮಾರು 1.515 ಸೂಚ್ಯಂಕವುಳ್ಳ ಎಣ್ಣೆಯನ್ನು ತುಂಬಿದರೆ ಆ ಕಿರಣಗಳೂ ಮಸೂರವನ್ನು ಸೇರುತ್ತವೆ. 100/1.25 ಎಂದು ಬರೆದ ಎಣ್ಣೆ ಮಸೂರದ ಗುಟ್ಟು ಇದೇ. ಅದರ ಅಂತರ 0.22 ಮೈಕ್ರಾನ್. ರಾಬರ್ಟ್ ಕಾಖ್ 1882ರಲ್ಲಿ ಕ್ಷಯದ ದುಂಡಾಣುವನ್ನು ತೋರಿಸುವಾಗ ಅಬೆಯ ಇಂಥ ಮಸೂರವೂ, ಬಣ್ಣ ಹಾಕುವ ವಿಧಾನವೂ ಅವನ ನೆರವಿಗಿದ್ದವು. ಕೊಬ್ಬರಿ ಎಣ್ಣೆ ನಡೆಯುವುದೇ ಎಂದು ತರಬೇತಿಗಳಲ್ಲಿ ಕೇಳುವವರಿದ್ದಾರೆ. ಅದರ ಸೂಚ್ಯಂಕ ಸುಮಾರು 1.45, ಗಾಜಿಗೆ ಹೊಂದದೆ ಬಿಂಬ ಕೆಡುತ್ತದೆ, ಚಳಿಗೆ ಹೆಪ್ಪುಗಟ್ಟಿ ಮಸೂರಕ್ಕೆ ಅಂಟುತ್ತದೆ. ಬೇಡ.

ಎಣ್ಣೆ ಮಸೂರವಿಲ್ಲದ ಶಾಲೆಯಲ್ಲಿ ದಾಳಿಂಬೆ ಎಲೆಗೆ ಉತ್ತರವೇ ಇಲ್ಲವೆಂದಲ್ಲ. ಕಲೆಯ ಅಂಚನ್ನು ಹರಿತವಾಗಿ ಕತ್ತರಿಸಿ, ನೀರಿನ ಹನಿಯಲ್ಲಿಟ್ಟು, ಹೊದಿಕೆ ಗಾಜು ಮುಚ್ಚಿ 10/0.25ರಲ್ಲಿ ಕೆಲವು ನಿಮಿಷ ನೋಡಬೇಕು. ದುಂಡಾಣು ರೋಗವಾಗಿದ್ದರೆ ಕತ್ತರಿಸಿದ ಅಂಚಿನಿಂದ ಹೊಗೆಯಂಥ ಸ್ರಾವ ನೀರಿಗೆ ಹರಿಯುವುದು ಕಾಣುತ್ತದೆ. ಒಂದೊಂದು ದುಂಡಾಣು ಕಾಣದು, ಅವುಗಳ ಹಿಂಡು ಕಾಣುತ್ತದೆ. ಈ ಎರಡು ಮಾತುಗಳನ್ನೂ ವಿದ್ಯಾರ್ಥಿಯ ವಹಿಯಲ್ಲಿ ಬರೆಯಿಸಬೇಕು. ರೋಗದ ಅಂತಿಮ ನಿರ್ಣಯ ಮಾತ್ರ ಕೃಷಿ ತಜ್ಞರದು.

ಬಳಕೆಯಲ್ಲಿ ಇನ್ನೆರಡು ಎಚ್ಚರ ಬೇಕು. ಕವಚದ ಮೇಲಿನ 0.17 ಎಂಬುದು ಹೊದಿಕೆ ಗಾಜಿನ ದಪ್ಪ, ಮಿಲಿಮೀಟರುಗಳಲ್ಲಿ. 0.65ರ ಮಸೂರಕ್ಕೆ ಹೊದಿಕೆ ಗಾಜಿಲ್ಲದೆ ನೋಡಿದರೆ ಬಿಂಬ ಮಸುಕಾಗುತ್ತದೆ, ನಾವು ಉಪಕರಣವನ್ನು ದೂರುತ್ತೇವೆ. ಇನ್ನು, ಬೆಳಕು ಕಣ್ಣಿಗೆ ಚುಚ್ಚುತ್ತದೆಂದು ವೇದಿಕೆಯ ಕೆಳಗಿನ ಡಯಾಫ್ರಾಮನ್ನು ಪೂರಾ ಮುಚ್ಚುವ ರೂಢಿ ಬಹಳ ಶಾಲೆಗಳಲ್ಲಿದೆ. ಮುಚ್ಚಿದಾಗ ಅಂಚುಗಳು ಕಪ್ಪಾಗಿ ಎದ್ದು ಕಾಣುವುದರಿಂದ ಬಿಂಬ ಸ್ಪಷ್ಟವಾಯಿತೆಂಬ ಭ್ರಮೆಯಾಗುತ್ತದೆ. ನಿಜದಲ್ಲಿ ಬೆಳಗಿಸುವ ಶಂಕು ಕಿರಿದಾಗಿ, ವಿವರ ಕಳೆದುಹೋಗಿರುತ್ತದೆ. ಬೆಳಕು ಹೆಚ್ಚಾದರೆ ದೀಪವನ್ನು ತಗ್ಗಿಸಬೇಕು ಅಥವಾ ಕನ್ನಡಿಯನ್ನು ತಿರುಗಿಸಬೇಕು. ಡಯಾಫ್ರಾಮ್ ಮುಕ್ಕಾಲು ಭಾಗ ತೆರೆದಿರಲಿ.

ಇದೇ ಅಳತೆ ಬೆಳಕಿನ ಎಳೆಗೂ, ಅಂದರೆ ಆಪ್ಟಿಕಲ್ ಫೈಬರ್‌ಗೂ ಸಲ್ಲುತ್ತದೆ. ದೂರಸಂಪರ್ಕದ ಏಕವಿಧ ಎಳೆಯ ಸಂಖ್ಯೆ ಸುಮಾರು 0.14, ಎಂಟು ಅಂಶದ ಅರ್ಧಕೋನದೊಳಗೆ ಬಂದ ಬೆಳಕನ್ನಷ್ಟೇ ಅದು ಸ್ವೀಕರಿಸುತ್ತದೆ.

ಶಾಲೆಗೆ ಹೊಸ ಸೂಕ್ಷ್ಮದರ್ಶಕ ಕೊಳ್ಳುವಾಗ 1500 ಪಟ್ಟು, 2000 ಪಟ್ಟು ಎಂಬ ಜಾಹೀರಾತಿಗೆ ಮರುಳಾಗದೆ ಎರಡನೆಯ ಸಂಖ್ಯೆಯನ್ನು ಓದಬೇಕು. ಅದರ 500ರಿಂದ 1000 ಪಟ್ಟಿನವರೆಗಿನ ವರ್ಧನೆ ಉಪಯುಕ್ತ. 0.65ಕ್ಕೆ 325ರಿಂದ 650. ಅದಕ್ಕೆ 10ರ ನೇತ್ರಮಸೂರ ಹಾಕಿದರೆ 400, ಸರಿಯಾಗಿದೆ. 25ರದನ್ನು ಹಾಕಿದರೆ 1000 ಆಗುತ್ತದೆ, ಆದರೆ ಅದೇ ಮಬ್ಬು ಚುಕ್ಕೆ ದೊಡ್ಡದಾಗುತ್ತದೆ, ಅಷ್ಟೆ.