ಅಸಲು, ನಕಲು, ಪ್ರತಿಕೃತಿ: ನಾಗರಹಾವಿನ ಹೆಸರಿನ ಕಾರು ಕಲಿಸುವ ಪಾಠ

(ಕನ್ನಡ ವಿಭಾಗ – ವಿದ್ಯಾರ್ಥಿಗಳಿಗೂ ಪಾಲಕರಿಗೂ)



“ಬೆಳ್ಳಗಿರುವುದೆಲ್ಲ ಹಾಲಲ್ಲ” ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಹಾಗಾದರೆ ಹಾಲಿನಂತೆ ಕಾಣುವುದೆಲ್ಲವೂ ಮೋಸವೇ? ಮಜ್ಜಿಗೆಯೂ ಬೆಳ್ಳಗೇ ಇರುತ್ತದೆ. ಅದನ್ನು ಮಜ್ಜಿಗೆ ಎಂದು ಹೇಳಿ ಕೊಟ್ಟರೆ ನಾವು ಸಂತೋಷದಿಂದ ಕುಡಿಯುತ್ತೇವೆ. ಹಾಲು ಎಂದು ಹೇಳಿ ಮಾರಿದರೆ ಮಾತ್ರ ಜಗಳವಾಗುತ್ತದೆ. ತಪ್ಪು ಮಜ್ಜಿಗೆಯದಲ್ಲ, ಅದಕ್ಕೆ ಇಟ್ಟ ಹೆಸರಿನದು. ಈ ವ್ಯತ್ಯಾಸವನ್ನು ಮನಸ್ಸಿಗೆ ತಂದುಕೊಳ್ಳಲು ಈ ಬಾರಿ ನಾವು ಒಂದು ಕಾರನ್ನು ಆರಿಸಿಕೊಂಡಿದ್ದೇವೆ.

ಭಾಷೆಯ ಪಾಠಕ್ಕೆ ಕಾರು ಏಕೆ ಎಂದು ಕೇಳಬಹುದು. ಕಾರಣ ಸರಳ. ನಾವಿರುವ ಈ ಬ್ರಿಟನ್ನಿನಲ್ಲಿ ಹಳೆಯ ಕಾಲದ ಅಪರೂಪದ ಕಾರುಗಳ ಪ್ರತಿಕೃತಿಗಳನ್ನು ಕಟ್ಟುವ, ಕೊಳ್ಳುವ, ಮಾರುವ ಹವ್ಯಾಸ ಬಹಳ ಬೆಳೆದಿದೆ. ಅಲ್ಲಿ ಒಂದೇ ಒಂದು ಪದ ತಪ್ಪಾದರೂ ಸಾವಿರಾರು ಪೌಂಡು ನಷ್ಟವಾಗಬಹುದು. ಪದಗಳಿಗೆ ಇಷ್ಟು ಬೆಲೆ ಇರುವ ಜಾಗ ಭಾಷಾ ವಿದ್ಯಾರ್ಥಿಗಳಿಗೆ ಒಳ್ಳೆಯ ಪಾಠಶಾಲೆ ಅಲ್ಲವೇ?

1. ಕಾರಿನ ಕಥೆ

ನಮ್ಮ ಉದಾಹರಣೆ ಎ.ಸಿ. ಕೋಬ್ರಾ. ಕೋಬ್ರಾ ಎಂದರೆ ನಾಗರಹಾವು. ಇಂಗ್ಲೆಂಡಿನ ಸರ್ರಿ ಪ್ರಾಂತದ ಥೇಮ್ಸ್ ಡಿಟನ್ ಎಂಬಲ್ಲಿದ್ದ ಎ.ಸಿ. ಕಾರ್ಸ್ ಕಂಪನಿ 1953ರಿಂದ ‘ಏಸ್’ ಎಂಬ ಹಗುರವಾದ, ತೆರೆದ ಕ್ರೀಡಾ ಕಾರನ್ನು ತಯಾರಿಸುತ್ತಿತ್ತು. ಅದರ ಮೈ ಅಲ್ಯೂಮಿನಿಯಂ ತಗಡಿನದು. ಮುಂದೆ ಅದಕ್ಕೆ ಎಂಜಿನ್ ಒದಗಿಸುತ್ತಿದ್ದ ಬ್ರಿಸ್ಟಲ್ ಕಂಪನಿ ಆ ಎಂಜಿನ್ ತಯಾರಿಕೆಯನ್ನೇ ನಿಲ್ಲಿಸಿತು.

ಅದೇ ಸಮಯದಲ್ಲಿ ಅಮೆರಿಕದ ಟೆಕ್ಸಾಸಿನ ಕ್ಯಾರಲ್ ಶೆಲ್ಬಿ ಒಂದು ಯೋಜನೆಯೊಂದಿಗೆ ಮುಂದೆ ಬಂದರು. 1959ರಲ್ಲಿ ಫ್ರಾನ್ಸಿನ ಲ ಮಾನ್ 24 ಗಂಟೆಗಳ ಓಟವನ್ನು ಗೆದ್ದಿದ್ದ ಅವರು ಹೃದಯದ ತೊಂದರೆಯಿಂದ ಓಟ ಬಿಟ್ಟಿದ್ದರು. ಇಂಗ್ಲೆಂಡಿನ ಹಗುರ ದೇಹಕ್ಕೆ ಅಮೆರಿಕದ ಫೋರ್ಡ್ ಕಂಪನಿಯ ಬಲಿಷ್ಠ ಎಂಟು ಸಿಲಿಂಡರಿನ ಎಂಜಿನ್ ಕೂಡಿಸಿದರೆ ಹೇಗೆ ಎಂದು 1961ರಲ್ಲಿ ಅವರು ಎ.ಸಿ. ಕಂಪನಿಗೆ ಪತ್ರ ಬರೆದರು. 1962ರಲ್ಲಿ ಎಂಜಿನ್ ಇಲ್ಲದ ಕಾರು ವಿಮಾನದಲ್ಲಿ ಕ್ಯಾಲಿಫೋರ್ನಿಯಕ್ಕೆ ಹೋಯಿತು. ಅಲ್ಲಿ ಫೋರ್ಡ್ ಎಂಜಿನ್ ಕೂಡಿಸಿದರು. ಕೋಬ್ರಾ ಹುಟ್ಟಿತು.

ಆ ಮೊದಲ ಕಾರಿನ ಸಂಖ್ಯೆ ಸಿ.ಎಸ್.ಎಕ್ಸ್. 2000. ಅದರ ಬಗ್ಗೆ ಒಂದು ಸ್ವಾರಸ್ಯವಿದೆ. ಪತ್ರಿಕೆಯವರು ಪರೀಕ್ಷಿಸಿ ನೋಡಲು ಬಂದಾಗಲೆಲ್ಲ ಶೆಲ್ಬಿ ಆ ಒಂದೇ ಕಾರಿಗೆ ಬೇರೆ ಬೇರೆ ಬಣ್ಣ ಬಳಿಸುತ್ತಿದ್ದರಂತೆ. ಓದುಗರಿಗೆ ಹಲವು ಕಾರುಗಳು ತಯಾರಾಗಿವೆ ಎಂದು ತೋರಲಿ ಎಂಬುದು ಉಪಾಯ. ಅಸಲಿ ಕಾರೂ ಒಮ್ಮೆ ವೇಷ ಹಾಕಿತ್ತು ಎಂಬುದನ್ನು ನೆನಪಿಡಿ. ಇದೇ ಕಾರು 2016ರ ಹರಾಜಿನಲ್ಲಿ 1 ಕೋಟಿ 37 ಲಕ್ಷ 50 ಸಾವಿರ ಡಾಲರಿಗೆ ಮಾರಾಟವಾಯಿತು.

1960ರ ದಶಕದಲ್ಲಿ ತಯಾರಾದ ಕೋಬ್ರಾಗಳು ಸುಮಾರು 1000 ಮಾತ್ರ. ಮೊದಲು 4.2 ಲೀಟರ್, ಆಮೇಲೆ 4.7 ಲೀಟರ್, 1965ರಿಂದ 7 ಲೀಟರಿನ ಎಂಜಿನ್ನುಗಳು ಬಂದವು. ಕಾರು ಕೆಲವೇ, ಆಸೆಪಡುವವರು ಲಕ್ಷಾಂತರ. ಆದ್ದರಿಂದ ಹಲವು ದೇಶಗಳಲ್ಲಿ ಪ್ರತಿಕೃತಿಗಳು ಹುಟ್ಟಿಕೊಂಡವು. ಇಂದು ರಸ್ತೆಯಲ್ಲಿ ಕೋಬ್ರಾ ಕಂಡರೆ ಅದು ಬಹುಮಟ್ಟಿಗೆ ಪ್ರತಿಕೃತಿಯೇ ಆಗಿರುತ್ತದೆ.

2. ನಾಲ್ಕು ಪದಗಳು

ಅಸಲು: ಅರಬ್ಬಿ ಮೂಲದಿಂದ ಬಂದು ಕನ್ನಡದ್ದೇ ಆಗಿರುವ ಪದ. ಸಾಲದ ಲೆಕ್ಕದಲ್ಲಿ ‘ಅಸಲು ಬೇರೆ, ಬಡ್ಡಿ ಬೇರೆ’ ಎನ್ನುತ್ತೇವೆ. ಕೋಬ್ರಾದ ಮಟ್ಟಿಗೆ ಅಸಲು ಎಂದರೆ 1960ರ ದಶಕದಲ್ಲಿ ಮೂಲ ತಯಾರಕರು ಕಟ್ಟಿದ, ಚಾಸಿ ಸಂಖ್ಯೆಯ ಚರಿತ್ರೆ ಸ್ಪಷ್ಟವಾಗಿರುವ ಕಾರು. ಅಮೆರಿಕದ ಶೆಲ್ಬಿ ಕಾರುಗಳ ಕ್ಲಬ್ಬು ಇಂಥ ಕಾರುಗಳ ಚರಿತ್ರೆಯನ್ನು ಒಂದೊಂದಾಗಿ ದಾಖಲಿಸಿ ಗ್ರಂಥವನ್ನೇ ಪ್ರಕಟಿಸಿದೆ.

ಮುಂದುವರಿಕೆ: ಮೂಲ ತಯಾರಕರೇ ಬಹುಕಾಲದ ನಂತರ ಮತ್ತೆ ಕಟ್ಟಿದ್ದು. ಶೆಲ್ಬಿಯವರ ಕಂಪನಿಯೇ 1990ರ ದಶಕದಲ್ಲಿ ಸಿ.ಎಸ್.ಎಕ್ಸ್. 4000 ಸರಣಿಯನ್ನು ಆರಂಭಿಸಿತು. ಹೆಸರು ನಿಜ, ವಯಸ್ಸು ಮಾತ್ರ ಹೊಸದು.

ಪ್ರತಿಕೃತಿ: ಪ್ರತಿ + ಕೃತಿ. ಮೂಲದ ರೂಪವನ್ನು ನೋಡಿ ಬೇರೆಯವರು ಮಾಡಿದ್ದು, ಹಾಗೆಂದು ಒಪ್ಪಿಕೊಂಡೇ ಮಾಡಿದ್ದು. ಕೆಲವು ಕಂಪನಿಗಳು ಕಾರನ್ನು ಬಹುಪಾಲು ಕಟ್ಟಿಯೇ ಕೊಡುತ್ತವೆ. ಇನ್ನು ಕೆಲವು ಬಿಡಿಭಾಗಗಳ ಕಿಟ್ ಕೊಡುತ್ತವೆ. ಕೊಂಡವರು ಮನೆಯ ಗ್ಯಾರೇಜಿನಲ್ಲಿ ತಾವೇ ಜೋಡಿಸುತ್ತಾರೆ.

ಖೋಟಾ: ಪ್ರತಿಕೃತಿಯನ್ನೇ ಅಸಲು ಎಂದು ಹೇಳಿ ಮಾರಿದರೆ ಅದು ಖೋಟಾ. ಖೋಟಾ ನೋಟು ಎನ್ನುವುದಿಲ್ಲವೇ, ಹಾಗೆಯೇ.

ಇನ್ನು ‘ನಕಲು’ ಎಂಬ ಪದ ಎರಡು ದೋಣಿಯಲ್ಲಿ ಕಾಲಿಟ್ಟಿದೆ. ಕಚೇರಿಯಲ್ಲಿ ದಾಖಲೆಯ ನಕಲು ಕೊಟ್ಟರೆ ಅದರಲ್ಲಿ ಮೋಸವಿಲ್ಲ. ಪರೀಕ್ಷೆಯಲ್ಲಿ ನಕಲು ಮಾಡಿದರೆ ಅಪರಾಧ. ಆದ್ದರಿಂದಲೇ ಕಾರಿನ ವಿಷಯದಲ್ಲಿ ನಾವು ‘ಪ್ರತಿಕೃತಿ’ ಎಂಬ ಸ್ಪಷ್ಟ ಪದವನ್ನು ಬಳಸುತ್ತೇವೆ.

ಪ್ರತಿಕೃತಿಯನ್ನು ಕಾನೂನು ಕೂಡ ಕೀಳಾಗಿ ಕಾಣುವುದಿಲ್ಲ. ಅಮೆರಿಕದಲ್ಲಿ 2015ರಲ್ಲಿ ಆದ ಕಾನೂನು, 25 ವರ್ಷಕ್ಕಿಂತ ಹಳೆಯ ಕಾರನ್ನು ಹೋಲುವ ಪ್ರತಿಕೃತಿಗಳನ್ನು ಸಣ್ಣ ತಯಾರಕರು ವರ್ಷಕ್ಕೆ 325ರವರೆಗೆ ಕಟ್ಟಿ ಮಾರಲು ದಾರಿ ಮಾಡಿತು. ಅದಕ್ಕೆ ಬೇಕಾದ ನಿಯಮಗಳು ಆಮೇಲೆ ಬಂದವು.

3. ಕಾಗದಪತ್ರ ಓದುವುದು

ಯಾರಾದರೂ ಇಂಥ ಕಾರನ್ನು ಕೊಳ್ಳಬೇಕೆಂದರೆ ಮೊದಲು ನೋಡಬೇಕಾದುದು ಬಣ್ಣವನ್ನಲ್ಲ, ಕಾಗದವನ್ನು.

ಬ್ರಿಟನ್ನಿನಲ್ಲಿ ವಾಹನದ ನೋಂದಣಿ ಪತ್ರಕ್ಕೆ ವಿ5ಸಿ ಎನ್ನುತ್ತಾರೆ. ಅದರಲ್ಲಿರುವ ಚಾಸಿ ಸಂಖ್ಯೆಯೂ ಕಾರಿನ ಚಾಸಿಯ ಮೇಲೆ ಕೊರೆದಿರುವ ಸಂಖ್ಯೆಯೂ ಅಕ್ಷರಕ್ಕೆ ಅಕ್ಷರ ಒಂದೇ ಆಗಿರಬೇಕು. ತಯಾರಕರ ಹೆಸರಿನ ಜಾಗದಲ್ಲಿ ಏನು ಬರೆದಿದೆ, ಮೊದಲ ನೋಂದಣಿ ಯಾವ ವರ್ಷದ್ದು ಎಂಬುದನ್ನೂ ಓದಬೇಕು. ಇನ್ನೊಂದು ಮಾತು: ವಿ5ಸಿ ಮಾಲೀಕತ್ವದ ಪುರಾವೆಯಲ್ಲ. ವಾಹನ ಯಾರ ಹೆಸರಿನಲ್ಲಿ ನೋಂದಾಯಿತವಾಗಿದೆ ಎಂಬುದನ್ನಷ್ಟೇ ಅದು ಹೇಳುತ್ತದೆ. ಆದ್ದರಿಂದ ಮಾರುವವರು ತಾವು ಕೊಂಡಾಗಿನ ರಸೀದಿಯನ್ನು ತೋರಿಸಬೇಕು. ಕಾರಿನ ಮೇಲೆ ಸಾಲ ಬಾಕಿ ಇದೆಯೇ ಎಂಬುದನ್ನೂ ವಿಚಾರಿಸಬೇಕು.

ಕೆಲವು ಕಾರುಗಳ ಸಂಖ್ಯಾ ಫಲಕ ‘ಕ್ಯೂ’ ಅಕ್ಷರದಿಂದ ಆರಂಭವಾಗುತ್ತದೆ. ವಾಹನದ ವಯಸ್ಸನ್ನೋ ಗುರುತನ್ನೋ ಖಚಿತವಾಗಿ ಹೇಳಲಾಗದಿದ್ದಾಗ ಈ ಫಲಕ ಕೊಡುತ್ತಾರೆ. ಇದನ್ನು ಕಂಡು ಮೂಗು ಮುರಿಯುವವರಿದ್ದಾರೆ. ನಮ್ಮ ಅಭಿಪ್ರಾಯದಲ್ಲಿ ಅದು ಪ್ರಾಮಾಣಿಕ ಫಲಕ. ‘ನನ್ನ ಭಾಗಗಳು ಹಲವು ಕಡೆಯಿಂದ ಬಂದವು’ ಎಂದು ಅದು ಬಾಯಿಬಿಟ್ಟು ಹೇಳುತ್ತದೆ.

ಸ್ವಂತವಾಗಿ ಕಟ್ಟಿದ ಕಾರುಗಳಿಗೆ ಇಲ್ಲಿ 1998ರಲ್ಲಿ ಎಸ್.ವಿ.ಎ. ಎಂಬ ಪರೀಕ್ಷೆ ಬಂತು. 2009ರಲ್ಲಿ ಅದರ ಜಾಗಕ್ಕೆ ಐ.ವಿ.ಎ. ಬಂತು. ಬ್ರೇಕು, ದೀಪ, ಸೀಟ್ ಬೆಲ್ಟು, ಹೊಗೆ, ಚೂಪಾದ ಅಂಚು ಹೀಗೆ ಒಂದೊಂದನ್ನೂ ಪರೀಕ್ಷಿಸುತ್ತಾರೆ. ಅದಕ್ಕಿಂತ ಹಿಂದೆ ಕಟ್ಟಿದ ಕಾರು ಈ ಪರೀಕ್ಷೆಯನ್ನು ಎದುರಿಸಿಯೇ ಇರುವುದಿಲ್ಲ. ಅಂಥದನ್ನು ಇನ್ನಷ್ಟು ಎಚ್ಚರದಿಂದ ನೋಡಬೇಕು. ಪರೀಕ್ಷೆಯ ದಿನಕ್ಕೆಂದು ಕೆಲವು ಭಾಗಗಳನ್ನು ಹಾಕಿ, ಪಾಸಾದ ಮೇಲೆ ಬಿಚ್ಚಿ ತೆಗೆದವರೂ ಉಂಟು. ಪರೀಕ್ಷೆಯ ಹಿಂದಿನ ರಾತ್ರಿ ಬಾಯಿಪಾಠ ಮಾಡಿ ಮರುದಿನ ಮರೆಯುವವರಿಗೆ ಇದು ಹೊಸ ವಿಷಯವೇನಲ್ಲ!

ಪ್ರತಿವರ್ಷದ ಎಂ.ಒ.ಟಿ. ತಪಾಸಣೆಯ ವಿವರಗಳನ್ನು ವಾಹನದ ಸಂಖ್ಯೆ ಕೊಟ್ಟರೆ ಸರಕಾರದ ಜಾಲತಾಣದಲ್ಲಿ ಉಚಿತವಾಗಿ ನೋಡಬಹುದು. ಎಷ್ಟು ಮೈಲಿ ಓಡಿದೆ, ಯಾವ ದೋಷ ಮತ್ತೆ ಮತ್ತೆ ಬಂದಿದೆ ಎಂಬುದು ಅಲ್ಲಿಯೇ ತಿಳಿಯುತ್ತದೆ.

4. ಕಾರಿನ ಮೈ ಓದುವುದು

ಅಸಲಿ ಕೋಬ್ರಾದ ಮೈ ಅಲ್ಯೂಮಿನಿಯಂ. ಹೆಚ್ಚಿನ ಪ್ರತಿಕೃತಿಗಳದು ಫೈಬರ್ ಗ್ಲಾಸ್. ಇದೇ ದೊಡ್ಡ ಗುರುತು ಎನಿಸಬಹುದು, ಆದರೆ ಅಲ್ಯೂಮಿನಿಯಂ ಮೈಯ ಪ್ರತಿಕೃತಿಗಳೂ ಇವೆ. ಆದ್ದರಿಂದ ಒಂದೇ ಗುರುತನ್ನು ನಂಬಿ ತೀರ್ಮಾನಿಸಬಾರದು.

ಫೈಬರ್ ಗ್ಲಾಸ್ ತುಕ್ಕು ಹಿಡಿಯುವುದಿಲ್ಲ. ಆದರೆ ಅದರ ಕೆಳಗಿರುವ ಉಕ್ಕಿನ ಚಾಸಿ ಹಿಡಿಯುತ್ತದೆ. ಮೇಲೆ ಹೊಳೆಯುವ ಬಣ್ಣವಿದ್ದು ಕೆಳಗೆ ಚಾಸಿ ಸವೆದಿರಬಹುದು. ಆದ್ದರಿಂದ ಕಾರನ್ನು ಮೇಲಕ್ಕೆತ್ತಿ ಕೆಳಗಿನಿಂದ ನೋಡಲೇಬೇಕು. ಬಾಗಿಲಿನ ಕೀಲುಗಳ ಸುತ್ತ ಜೇಡರ ಬಲೆಯಂಥ ಸಣ್ಣ ಬಿರುಕು ಇದೆಯೇ, ಬಾಗಿಲು ಮುಚ್ಚಿದಾಗ ಸಂದು ಎಲ್ಲ ಕಡೆ ಸಮವಾಗಿದೆಯೇ, ವೈರುಗಳನ್ನು ಒಪ್ಪವಾಗಿ ಕಟ್ಟಿದ್ದಾರೆಯೇ, ಪೆಟ್ರೋಲಿನ ಕೊಳವೆ ಬಿಸಿ ಭಾಗಕ್ಕೆ ತಗಲುತ್ತಿದೆಯೇ ಎಂದು ನೋಡಬೇಕು. ಚಾಲಕನ ತಲೆಯ ಹಿಂದಿನ ಉಕ್ಕಿನ ಕಮಾನು ಚಾಸಿಗೆ ಭದ್ರವಾಗಿ ಕೂಡಿಕೊಂಡಿರಬೇಕು. ಬರೀ ಮೈಗೆ ಸಿಕ್ಕಿಸಿದ್ದರೆ ಅದು ಅಲಂಕಾರವಷ್ಟೇ. ಕಾರು ಮಗುಚಿದರೆ ಕಾಪಾಡುವುದಿಲ್ಲ.

ಬ್ರಿಟನ್ನಿನ ಪ್ರತಿಕೃತಿಗಳಲ್ಲಿ ಹಳೆಯ ಜಾಗ್ವಾರ್ ಕಾರಿನ ಸಸ್ಪೆನ್ಷನ್, ರೋವರ್, ಷೆವರ್ಲೆ ಅಥವಾ ಫೋರ್ಡ್ ಎಂಜಿನ್ ಇರುವುದು ಸಾಮಾನ್ಯ. ಇದರಲ್ಲಿ ನಾಚಿಕೆಯಿಲ್ಲ. ಆದರೆ ಎಂಜಿನ್ ಯಾವುದೆಂದು ಮಾರುವವರು ಹೇಳುತ್ತಾರೋ ಅದೇ ಬಾನೆಟ್ಟಿನ ಕೆಳಗೂ ಇರಬೇಕು, ಕಾಗದದಲ್ಲೂ ಇರಬೇಕು.

ಒಳ್ಳೆಯ ಪ್ರತಿಕೃತಿಯ ದೊಡ್ಡ ಆಸ್ತಿ ಅದರ ಕಡತ. ಕಟ್ಟುವಾಗ ಹಂತ ಹಂತವಾಗಿ ತೆಗೆದ ಛಾಯಾಚಿತ್ರಗಳು, ಕೊಂಡ ಭಾಗಗಳ ರಸೀದಿಗಳು, ಕಿಟ್ ಕಂಪನಿಯ ಪತ್ರಗಳು ಅದರಲ್ಲಿರಬೇಕು. ಗಣಿತದಲ್ಲಿ ಉತ್ತರವೊಂದನ್ನೇ ಬರೆದರೆ ಪೂರ್ಣ ಅಂಕ ಸಿಗುವುದಿಲ್ಲ, ಲೆಕ್ಕ ಮಾಡಿದ ಹಂತಗಳನ್ನೂ ತೋರಿಸಬೇಕು. ಇಲ್ಲಿಯೂ ಹಾಗೆಯೇ.

ಇವೆಲ್ಲವನ್ನೂ ಹೊಸಬರು ಒಬ್ಬರೇ ನೋಡುವುದು ಕಷ್ಟ. ಆ ಕಾರುಗಳ ಮಾಲೀಕರ ಕ್ಲಬ್ಬಿಗೆ ಮೊದಲು ಸೇರಿ, ಹತ್ತಾರು ಕಾರುಗಳನ್ನು ಕಂಡು, ಅನುಭವಸ್ಥರೊಬ್ಬರನ್ನು ಜೊತೆಗೆ ಕರೆದೊಯ್ಯುವುದು ಜಾಣತನ.

5. ಬೆಲೆ ಮತ್ತು ಮಾತು

ಅಸಲಿ ಕೋಬ್ರಾದ ಬೆಲೆ ಲಕ್ಷಾಂತರ ಪೌಂಡು. ಪ್ರತಿಕೃತಿ ಸಾಮಾನ್ಯವಾಗಿ ಅದರ ಹತ್ತನೆಯ ಒಂದು ಪಾಲಿಗೂ ಕಡಿಮೆ ಬೆಲೆಗೆ ಸಿಗುತ್ತದೆ. ನೋಡುವವರ ಕಣ್ಣಿಗೆ ಎರಡೂ ಒಂದೇ. ಹಾಗಾದರೆ ಉಳಿದ ಒಂಬತ್ತು ಪಾಲು ಹಣ ಯಾತಕ್ಕೆ? ಲೋಹಕ್ಕಲ್ಲ, ವೇಗಕ್ಕೂ ಅಲ್ಲ. ಹೊಸ ಪ್ರತಿಕೃತಿಯ ಬ್ರೇಕು ಹಳೆಯ ಅಸಲಿಗಿಂತ ಚೆನ್ನಾಗಿರಲೂಬಹುದು. ಆ ಹಣ ಚರಿತ್ರೆಗೆ ಸಲ್ಲುತ್ತದೆ: ‘ಈ ಕಾರು ಅಂದು, ಅಲ್ಲಿ ಇತ್ತು’ ಎಂಬ ಸತ್ಯಕ್ಕೆ. ಅದಕ್ಕೇ ಖೋಟಾ ಮಾರುವವನು ಕದಿಯುವುದು ಬರೀ ಹಣವನ್ನಲ್ಲ, ಚರಿತ್ರೆಯನ್ನೂ ಕೆಡಿಸುತ್ತಾನೆ.

ಪ್ರತಿಕೃತಿ ಕೊಂಡವರಿಗೂ ಒಂದು ಜವಾಬ್ದಾರಿ ಇದೆ. ವಿಮೆ ಮಾಡಿಸುವಾಗ ‘ಇದು ಪ್ರತಿಕೃತಿ’ ಎಂದೇ ಹೇಳಬೇಕು. ಇಲ್ಲದಿದ್ದರೆ ಅಪಘಾತವಾದಾಗ ಪರಿಹಾರ ಕೈತಪ್ಪಬಹುದು. ಮುಂದೆ ಮಾರುವಾಗಲೂ ಅದೇ ಪದ ಬಳಸಬೇಕು. ಮೊದಲ ಮಾಲೀಕ ನಿಜ ಹೇಳಿ, ಎರಡನೆಯವನು ಸುಮ್ಮನಿದ್ದು, ಮೂರನೆಯವನು ‘ಇರಬಹುದು’ ಎಂದರೆ, ನಾಲ್ಕನೆಯವನ ಹೊತ್ತಿಗೆ ಪ್ರತಿಕೃತಿ ಅಸಲಾಗಿಬಿಡುತ್ತದೆ. ಖೋಟಾ ಯಾವಾಗಲೂ ಸುಳ್ಳಿನಿಂದ ಹುಟ್ಟಬೇಕೆಂದಿಲ್ಲ, ಮೌನದಿಂದಲೂ ಹುಟ್ಟುತ್ತದೆ.

ಮಕ್ಕಳೇ, ನೀವು ಯಾವುದೋ ಚಿತ್ರವನ್ನು ನೋಡಿ ಬಿಡಿಸಿದರೆ ಕೆಳಗೆ ‘ಇಂಥವರ ಚಿತ್ರವನ್ನು ನೋಡಿ ಬಿಡಿಸಿದ್ದು’ ಎಂದು ಬರೆಯಿರಿ. ಪ್ರಬಂಧದ ವಿಷಯವನ್ನು ಅಜ್ಜಿ ಹೇಳಿಕೊಟ್ಟಿದ್ದರೆ ಅಜ್ಜಿಯ ಹೆಸರು ಬರೆಯಿರಿ. ನೋಡಿ ಕಲಿಯುವುದು ತಪ್ಪಲ್ಲ. ಕಲೆಯೂ ಭಾಷೆಯೂ ಬೆಳೆದದ್ದು ಹಾಗೆಯೇ. ಯಾರಿಂದ ಪಡೆದೆವು ಎಂದು ಹೇಳಿದರೆ ನಿಮ್ಮ ಕೆಲಸದ ಗೌರವ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಅಭ್ಯಾಸ

ಅ) ‘ಅಸಲು’, ‘ನಕಲು’ ಪದಗಳನ್ನು ಎರಡೆರಡು ಬೇರೆ ಅರ್ಥಗಳಲ್ಲಿ ಬಳಸಿ ವಾಕ್ಯ ರಚಿಸಿ.

ಆ) ‘ಪ್ರತಿ’ ಎಂಬುದರಿಂದ ಆರಂಭವಾಗುವ ಐದು ಪದಗಳನ್ನು ಬರೆದು ಅರ್ಥ ತಿಳಿಸಿ. (ಉದಾ: ಪ್ರತಿಧ್ವನಿ, ಪ್ರತಿಬಿಂಬ)

ಇ) ನಿಮ್ಮ ಮನೆಯಲ್ಲಿರುವ ಒಂದು ಪ್ರತಿಕೃತಿಯನ್ನು (ಗೊಂಬೆ, ವಿಗ್ರಹ, ಚಿತ್ರ) ಕುರಿತು ಹತ್ತು ವಾಕ್ಯ ಬರೆಯಿರಿ. ಅದರ ಮೂಲ ಎಲ್ಲಿದೆ ಎಂಬುದನ್ನು ಅಪ್ಪ ಅಮ್ಮನನ್ನು ಕೇಳಿ ತಿಳಿಯಿರಿ.

ಈ) ಪಾಲಕರೊಂದಿಗೆ ಚರ್ಚಿಸಿ: ಅಸಲಿ ಕೋಬ್ರಾವನ್ನು ಕೆಡದಂತೆ ಬೀಗ ಹಾಕಿ ಇಡುವುದು ಮೇಲೋ, ಪ್ರತಿಕೃತಿಯನ್ನು ದಿನವೂ ಓಡಿಸಿ ಆನಂದಿಸುವುದು ಮೇಲೋ? ಎರಡೂ ಪಕ್ಷಕ್ಕೆ ಮೂರು ಮೂರು ಕಾರಣ ಕೊಡಿ.